ಅರವತ್ತು ಪುಟದ ಕೈಪಿಡಿ ಒಂದು ಹಾಳೆಗೆ ಇಳಿದದ್ದು: ನನ್ನ ಅನುಭವ

ಕೆನಡಾದ ವ್ಯಾಂಕೂವರಿನ ಒಂದು ಸಮುದಾಯ ಕೇಂದ್ರದಲ್ಲಿ ನಾನು ಮಾದಕವಸ್ತು ತಪಾಸಣೆಯ ಮೇಜನ್ನು ನೋಡಿಕೊಳ್ಳುತ್ತೇನೆ; ಸೇವಿಸುವವರು ತಂದ ವಸ್ತುವಿನಲ್ಲಿ ಏನೇನು ಬೆರೆತಿದೆ ಎಂದು ಅಲ್ಲಿ ಪರೀಕ್ಷಿಸಿ ಹೇಳುತ್ತೇವೆ. ಸ್ವಯಂಸೇವಕರಿಗೆ ಬೇಕಾದ ಮಾರ್ಗಸೂಚಿಯನ್ನು ಒಂದೇ ಹಾಳೆಯಲ್ಲಿ ಮುಗಿಸುತ್ತೇನೆ ಎಂದಾಗ ಸಹೋದ್ಯೋಗಿಗಳು ನಕ್ಕಿದ್ದರು. ನಕ್ಕವರಲ್ಲಿ ಇಬ್ಬರು ಈಗ ಅದರ ಪ್ರತಿಯನ್ನು ಕೇಳಿ ಪಡೆದಿದ್ದಾರೆ.

ಅದಕ್ಕೂ ಮೊದಲು ಸುಮಾರು ಅರವತ್ತು ಪುಟಗಳ ಕೈಪಿಡಿಯೊಂದನ್ನು ಬರೆದಿದ್ದೆ. ಮಿತಿಮೀರಿದ ಸೇವನೆಯ ಸಾವುಗಳಿಂದಾಗಿ ನಮ್ಮ ಪ್ರಾಂತ್ಯವಾದ ಬ್ರಿಟಿಷ್ ಕೊಲಂಬಿಯಾ 2016ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಘೋಷಿಸಿದ ಮೇಲೆ ಇಲ್ಲಿ ಕಲಿತದ್ದೆಲ್ಲವೂ ಅದರಲ್ಲಿತ್ತು. ಆರು ತಿಂಗಳ ಸಂಜೆಗಳೂ ಮುದ್ರಣಕ್ಕೆಂದು ಒಂಬೈನೂರು ಡಾಲರಿನಷ್ಟೂ ಹೋದವು. ಹದಿನೈದು ಪ್ರತಿಗಳಲ್ಲಿ ಹದಿಮೂರನ್ನು ಯಾರೂ ತೆರೆದಿರಲಿಲ್ಲ.

ಸ್ವಯಂಸೇವಕರು ಎಲ್ಲಿ ಎಡವುತ್ತಾರೆ ಎಂಬುದು ಪಕ್ಕದಲ್ಲಿ ಕುಳಿತು ನೋಡಿದ ಮೇಲಷ್ಟೇ ತಿಳಿಯಿತು. ಅತಿ ಸ್ವಲ್ಪದಲ್ಲೇ ಕೊಲ್ಲಬಲ್ಲ, ಅಫೀಮು ಬಗೆಯ ಮಾದಕವಾದ ಫೆಂಟನಿಲ್ ಅನ್ನು ಪತ್ತೆಹಚ್ಚಲು, ನೀರಿನಲ್ಲಿ ಕದಡಿದ ಮಾದರಿಗೆ ಅದ್ದುವ ಪರೀಕ್ಷಾ ಪಟ್ಟಿಯಲ್ಲಿ ಒಂದು ಗೆರೆ ಮೂಡಿದರೆ ಅದು ಇದೆ, ಎರಡು ಮೂಡಿದರೆ ಸಿಕ್ಕಿಲ್ಲ. ಬಸಿರು ಪರೀಕ್ಷೆಗೂ ಕೋವಿಡ್ ಪರೀಕ್ಷೆಗೂ ಒಗ್ಗಿದ ಕಣ್ಣು ಅದನ್ನು ತಿರುವುಮುರುವಾಗಿ ಓದುತ್ತದೆ. ಒಮ್ಮೆ ಹಾಗೆ ಓದಿ, ಇದ್ದುದನ್ನು ಇಲ್ಲವೆಂದು ಹೇಳಿ ಒಬ್ಬನನ್ನು ಕಳುಹಿಸಿದ್ದೆವು. ಆತ ಇನ್ನೂ ಮೆಟ್ಟಿಲಿಳಿಯುತ್ತಿದ್ದುದರಿಂದ ಕೂಗಿ ಕರೆಯಲು ಸಾಧ್ಯವಾಯಿತು. ಉತ್ತೇಜಕ ಮಾದಕಗಳಾದ ಮೆತ್ ಅಥವಾ ಎಂಡಿಎಂಎಯನ್ನು ಕಡಿಮೆ ನೀರಿನಲ್ಲಿ ಕದಡಿದರೆ ಪಟ್ಟಿ ಇಲ್ಲದ ಫೆಂಟನಿಲ್ ತೋರಿಸುವುದೂ ಉಂಟು. ಹತ್ತು ಮಿಲಿಗ್ರಾಂ ಪುಡಿಗೆ ಒಂದು ಚಹಾ ಚಮಚ, ಅಂದರೆ ಸುಮಾರು 5 ಮಿಲಿಲೀಟರ್ ನೀರು ಎಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದೆ.

ಅತಿಗೆಂಪು ಬೆಳಕು ಹಾಯಿಸಿ ವಸ್ತುಗಳನ್ನು ಗುರುತಿಸುವ, ನಲವತ್ತು ಸಾವಿರ ಡಾಲರಿಗೂ ಮಿಕ್ಕಿದ ಎಫ್‌ಟಿಐಆರ್ ಯಂತ್ರ ಶೇಕಡಾ ಐದಕ್ಕಿಂತ ಕಡಿಮೆ ಇರುವುದನ್ನು ಸಾಮಾನ್ಯವಾಗಿ ಕಾಣಲಾರದು; ಕೊಲ್ಲುವ ಫೆಂಟನಿಲ್ ಎಷ್ಟೋ ಸಲ ಇರುವುದು ಅದಕ್ಕಿಂತ ಕೆಳಗೇ. ಹಾಗಾಗಿ ಒಂದೆರಡು ಡಾಲರಿನ ಪಟ್ಟಿಯಿಲ್ಲದೆ ಯಂತ್ರದ ಮಾತನ್ನು ನಂಬಬಾರದು. ಒಂದು ಮಧ್ಯಾಹ್ನ ಪ್ರತಿ ಮಾದರಿಯಲ್ಲೂ ಹೊಸ ವಸ್ತುವೊಂದು ಸಿಕ್ಕಿತೆಂದು ಹಿಗ್ಗಿದ್ದೆವು. ಅದು, ಮಾದರಿ ಇಡುವ ಯಂತ್ರದ ಹರಳನ್ನು ನಾವೇ ಒರೆಸಿ, ಆರಲು ಬಿಡದ ಐಸೊಪ್ರೊಪೈಲ್ ಆಲ್ಕೊಹಾಲ್ ಆಗಿತ್ತು. ಪ್ರಮಾಣ ಹೆಚ್ಚಿಸಲು ಬೆರೆಸುವ ಕೆಫೀನ್ ಮತ್ತು ಎರಿಥ್ರಿಟಾಲ್ ಎಂಬ ಸಿಹಿಕಾರಕಗಳ ಗುರುತನ್ನು ಯಂತ್ರದ ಫಲಿತಾಂಶದಿಂದ ಯಾವ ಕ್ರಮದಲ್ಲಿ ಕಳೆದರೆ ಉಳಿದದ್ದು ಸ್ಪಷ್ಟವಾಗುತ್ತದೆ ಎಂಬ ನನ್ನ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ; ಮೇಜಿಗೆ ಬಂದವರಿಗೆ ತೋರಿಸುತ್ತೇನೆ. ನಡುವೆ, ಲೇಸರ್ ಬೆಳಕಿನ ಚದುರುವಿಕೆಯಿಂದ ವಸ್ತುವನ್ನು ಗುರುತಿಸುವ ರಾಮನ್ ಯಂತ್ರವನ್ನೂ ಎರವಲು ತಂದು ಪರೀಕ್ಷಿಸಿದೆ. ಇಲ್ಲಿ ‘ಡೌನ್’ ಎಂದು ಕರೆಯುವ, ಬೀದಿಯಲ್ಲಿ ಮಾರುವ ಅಫೀಮು ಬಗೆಯ ಮಾದಕಕ್ಕೆ ಬೆರೆಸುವ ಬಣ್ಣಗಳು ತಮ್ಮ ಹೊಳಪಿನಿಂದ (ಪ್ರತಿದೀಪ್ತಿ) ಎಲ್ಲವನ್ನೂ ಮುಳುಗಿಸಿದ್ದರಿಂದ, ನಮ್ಮವರೇ ಆದ ಸಿ.ವಿ. ರಾಮನ್ನರ ಹೆಸರಿನ ಮೇಲಿನ ಅಭಿಮಾನವೂ ಅದನ್ನು ಉಳಿಸಲಿಲ್ಲ.

ಹಾಳೆಯ ಅರ್ಧಭಾಗ ತುಂಬಿರುವುದು ಬಂದವರಿಗೆ ಹೇಳಬೇಕಾದ ವಾಕ್ಯಗಳಿಂದ. ಅವನ್ನು ರೂಪಿಸಿದವರು ಸ್ವತಃ ಮಾದಕವಸ್ತು ಸೇವಿಸುವ ಇಬ್ಬರು. ಅವರಿಗೆ ಗಂಟೆಗೆ ಇಪ್ಪತ್ತೈದು ಡಾಲರಿನಂತೆ ಕೊಡಲು ಲೆಕ್ಕಪತ್ರದವರೊಡನೆ ಎರಡು ತಿಂಗಳು ಜಗಳವಾಡಿದೆ. ‘ಫೆಂಟನಿಲ್ ಇಲ್ಲ’ ಎಂಬ ನನ್ನ ವಾಕ್ಯವನ್ನು ಅವರು ಹೊಡೆದುಹಾಕಿ, ‘ನೀವು ಕೊಟ್ಟ ಚಿಟಿಕೆಯಲ್ಲಿ ನಮ್ಮ ಪಟ್ಟಿಗೆ ಸಿಗಲಿಲ್ಲ’ ಎಂದು ತಿದ್ದಿದರು. ಉಪ್ಪಿಟ್ಟಿನ ಒಂದು ತುತ್ತಿನಲ್ಲಿ ಗೋಡಂಬಿ ಸಿಗದಿದ್ದರೆ ಇಡೀ ಬಾಣಲೆಯಲ್ಲೇ ಇಲ್ಲವೆನ್ನಲಾಗದು ಎಂದು ನಾನು ಅರ್ಥಮಾಡಿಕೊಂಡದ್ದು ಆಗ. ಬೆಂಜೋಡಯಾಜೆಪಿನ್ ಎಂಬ ಮಂಪರು ತರಿಸುವ ಔಷಧ ಬೆರೆತ ಡೌನ್‌ನ ವಿಷಯದಲ್ಲಿ ಅವರು ಬರೆಸಿದ್ದು ಇನ್ನೂ ಮುಖ್ಯ: ಅಫೀಮು ಬಗೆಯ ಮಾದಕಗಳಿಗೆ ಪ್ರತಿಮದ್ದಾದ ನಲಾಕ್ಸೋನ್ ಕೊಟ್ಟ ಬಳಿಕ ಉಸಿರು ಮರಳಿದರೂ ವ್ಯಕ್ತಿ ಎಚ್ಚರಗೊಳ್ಳದಿರಬಹುದು, ಆದ್ದರಿಂದ ಎಚ್ಚರವನ್ನಲ್ಲ, ಉಸಿರನ್ನು ನೋಡಬೇಕು, ಉಸಿರಾಡದಿದ್ದರೆ ಬಾಯಿಂದ ಉಸಿರು ಕೊಡಬೇಕು, ತುರ್ತು ಸಹಾಯದ 911ಕ್ಕೆ ಕರೆಮಾಡಿ ಪಕ್ಕದಲ್ಲೇ ಇರಬೇಕು.

ಈಗ ಪ್ರಾಣಿವೈದ್ಯರು ಮಂಪರಿಗೆ ಬಳಸುವ ಮೆಡೆಟೊಮಿಡಿನ್ ಕೂಡ ಬೆರೆತು ಬರುತ್ತಿದೆ; ಅದು ಎದೆಬಡಿತವನ್ನು ನಿಧಾನಗೊಳಿಸುತ್ತದೆ, ನಲಾಕ್ಸೋನ್‌ಗೂ ಬಗ್ಗುವುದಿಲ್ಲ. ಅದಕ್ಕೊಂದು ವಾಕ್ಯ ಸೇರಿಸಲು ಹಾಳೆಯಲ್ಲಿ ಜಾಗವಿಲ್ಲದ್ದರಿಂದ, ಯಾವುದನ್ನು ತೆಗೆಯಬೇಕೆಂದು ಆ ಇಬ್ಬರೊಡನೆ ಮುಂದಿನ ಮಂಗಳವಾರ ಮತ್ತೆ ಕೂರುತ್ತೇನೆ.