ಗುಂಡು ಎಷ್ಟು ಆಳ ಕೂರಬೇಕು

ರೈಫಲ್ ತೋಟಾವನ್ನು ಕೈಯಾರೆ ತುಂಬಿಕೊಳ್ಳುವವರು ತಲೆ ಕೆಡಿಸಿಕೊಳ್ಳುವುದು ಮುಖ್ಯವಾಗಿ ಎರಡು ಅಳತೆಗಳಿಗೆ: ಮದ್ದು ಎಷ್ಟು ಗ್ರೇನ್ (ತೂಕದ ಸಣ್ಣ ಅಳತೆ) ಹಾಕಬೇಕು, ಗುಂಡನ್ನು ಹಿತ್ತಾಳೆ ಕೇಸಿನ ಕತ್ತಿನೊಳಗೆ ಎಷ್ಟು ಆಳಕ್ಕೆ ಕೂರಿಸಬೇಕು. ಮೊದಲನೆಯದಕ್ಕೆ ಪುಸ್ತಕ ಇದೆ. ಮದ್ದು ಮಾಡುವವರೂ ಗುಂಡು ಮಾಡುವವರೂ ಕನಿಷ್ಠ, ಗರಿಷ್ಠ ಎರಡನ್ನೂ ಅಚ್ಚು ಹಾಕಿ ಕೊಟ್ಟಿರುತ್ತಾರೆ; ಕನಿಷ್ಠದಿಂದ ಶುರು ಮಾಡಿ ನಿಧಾನಕ್ಕೆ ಏರುತ್ತಾ ಹೋದರಾಯಿತು. ಎರಡನೆಯದಕ್ಕೆ ಪುಸ್ತಕದಲ್ಲಿ ಸಿಗುವುದು ಅವರು ಪರೀಕ್ಷೆಗೆ ಬಳಸಿದ ತೋಟಾದ ಉದ್ದ ಮಾತ್ರ. ನಮ್ಮ ಕೋವಿಯ ನಳಿಗೆ ಒಳಗಡೆ ಹೇಗಿದೆ ಅನ್ನುವುದು ಪುಸ್ತಕ ಬರೆದವರಿಗೆ ಹೇಗೆ ಗೊತ್ತಾಗಬೇಕು? ಅದನ್ನು ನಾವೇ ಅಳೆದುಕೊಳ್ಳಬೇಕು.

ನಾನು ಮಲೆನಾಡಿನವನು. ಮನೆಯಲ್ಲಿದ್ದದ್ದು ಬಾಯಿಯಿಂದ ತುಂಬುವ ಕೇಪಿನ ಕೋವಿ. ಮಸಿ ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಗಜದಲ್ಲಿ ಜಡಿದರೆ ಮುಗಿಯಿತು; ಅಳತೆ ಅಂದರೆ ಅಜ್ಜನ ಅಂಗೈ. ಆಮೇಲೆ ಪೀಣ್ಯದ ಟೂಲ್ ರೂಮಿನಲ್ಲಿ ಕೆಲಸ ಮಾಡಿದ್ದರಿಂದ ಇಂಚಿನ ಸಾವಿರದಲ್ಲೊಂದು ಭಾಗ, ಅಂದರೆ ‘ಥೌ’, ಕೈಗೆ ಪಳಗಿತು. ಈಗ ಇರುವುದು ಅಮೆರಿಕದ ಕೊಲೊರಾಡೊದಲ್ಲಿ. ಇಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಲೈಸೆನ್ಸ್ ಬೇಡ, ಮಾರುವುದಾದರೆ ಬೇಕು. ಊರಲ್ಲಿ ಓದುತ್ತಿರುವವರು ಗಮನಿಸಿ: ಭಾರತದಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಆಯುಧ ಕಾಯ್ದೆಯಡಿ ಅಪರಾಧ. ಕೊಡಗಿನವರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಅದನ್ನು ಇದಕ್ಕೆ ಎಳೆಯಲು ಹೋಗಬೇಡಿ.

ನನ್ನದು 6.5 ಕ್ರೀಡ್‌ಮೂರ್ ತೋಟಾದ ರೈಫಲ್, ಬೋಲ್ಟ್ ಆಕ್ಷನ್, ಅಂದರೆ ಹಿಡಿಯಿರುವ ಬೋಲ್ಟನ್ನು ಕೈಯಿಂದ ಹಿಂದೆಮುಂದೆ ಎಳೆದು ತೆರೆದು ಮುಚ್ಚುವಂಥದ್ದು. ಹಾರ್ನಡಿ ಕಂಪನಿ 2007ರಲ್ಲಿ ತಂದ ತೋಟಾ ಇದು. ಗುಂಡಿನ ದಪ್ಪ 0.264 ಇಂಚು, ನಾನು ಬಳಸುವ ಗುಂಡಿನ ತೂಕ 140 ಗ್ರೇನ್, ಹೆಚ್ಚುಕಡಿಮೆ ಒಂಬತ್ತು ಗ್ರಾಂ. ತೋಟಾದ ಒಟ್ಟು ಉದ್ದ 2.825 ಇಂಚು ಮೀರಬಾರದು ಎಂದು ಅಮೆರಿಕದ ತಯಾರಕರ ಮಾನದಂಡ ಹೇಳುತ್ತದೆ. ಎಲ್ಲ ಕಂಪನಿಯ ಕೋವಿಗಳಿಗೂ ಹೊಂದಲಿ ಎಂದು ಇಟ್ಟ ಅಳತೆ ಅದು. ಮ್ಯಾಗಜೀನಿನಲ್ಲಿ ಜಾಗ ಇದ್ದು, ನಳಿಗೆಯೂ ಒಪ್ಪುವುದಾದರೆ ಅದಕ್ಕಿಂತ ಉದ್ದ ತುಂಬುವವರು ಬಹಳ ಜನ ಇದ್ದಾರೆ.

ಕೋವಿಯ ಛೇಂಬರ್, ಅಂದರೆ ತೋಟಾ ಕೂರುವ ಗೂಡು, ಮುಗಿದ ಮೇಲೆ ನಳಿಗೆಯೊಳಗೆ ಸ್ವಲ್ಪ ದೂರ ಬೋಳು ಜಾಗ ಇರುತ್ತದೆ. ಅದಾದ ಮೇಲೆ ಗುಂಡನ್ನು ತಿರುಗಿಸುವ ಏಣುಗಳು ಶುರುವಾಗುತ್ತವೆ. ಇವಕ್ಕೆ ಇಲ್ಲಿನವರು ಲ್ಯಾಂಡ್ಸ್ ಅನ್ನುತ್ತಾರೆ. ಈಡು ಹಾರಿದಾಗ ಗುಂಡು ಕೇಸಿನ ಕತ್ತು ಬಿಟ್ಟು, ಬೋಳು ಜಾಗ ದಾಟಿ, ಏಣಿಗೆ ಕಚ್ಚಿಕೊಳ್ಳಬೇಕು. ಆ ದಾಟುವ ದೂರವೇ ಜಂಪ್. ಗುಂಡನ್ನು ಆಳಕ್ಕೆ ಕೂರಿಸಿದರೆ ಜಂಪ್ ಹೆಚ್ಚು, ಮೇಲಕ್ಕೆ ಬಿಟ್ಟರೆ ಕಡಿಮೆ. ಏಣಿಗೆ ತಾಗಿಸಿಯೇ ತುಂಬುವವರೂ ಇದ್ದಾರೆ. ನಾನು ಅದಕ್ಕೆ ಕೈ ಹಾಕುವುದಿಲ್ಲ. ತಾಗಿಸಿದರೆ ಒತ್ತಡ ಏರುತ್ತದೆ, ಮದ್ದನ್ನು ಮತ್ತೆ ಕನಿಷ್ಠದಿಂದ ನೋಡಿಕೊಂಡು ಬರಬೇಕು. ಅದಕ್ಕಿಂತ ದೊಡ್ಡ ರಗಳೆ ಇನ್ನೊಂದಿದೆ: ಹಾರಿಸದೆ ಬೋಲ್ಟ್ ತೆಗೆದಾಗ ಗುಂಡು ನಳಿಗೆಯಲ್ಲೇ ಕಚ್ಚಿಕೊಂಡು ಉಳಿದು, ಬರೀ ಕೇಸು ಹೊರಬಂದು, ಮದ್ದಿನ ಕಾಳುಗಳೆಲ್ಲ ಬೋಲ್ಟ್ ಓಡಾಡುವ ಆಕ್ಷನ್ ಒಳಗೆ ಚೆಲ್ಲುತ್ತವೆ. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಗುಡ್ಡ ಹತ್ತಿದವನಿಗೆ ಆ ದಿನ ಅಲ್ಲಿಗೇ ಮುಗಿದಂತೆ.

ಅಳತೆಯ ವಿಷಯಕ್ಕೆ ಬಂದರೆ, ತುದಿಯಿಂದ ಅಳೆಯುವುದನ್ನು ಮೊದಲು ಬಿಡಬೇಕು. ಏಣಿಗೆ ತಾಗುವುದು ಗುಂಡಿನ ತುದಿಯಲ್ಲ, ಅದರ ಹೊಟ್ಟೆ ತುಂಬಿ ಬರುವ ಬಾಗು. ಓಜೈವ್ ಅಂತಾರಲ್ಲ, ಅದು. ತುದಿಯಲ್ಲಿ ತೂತಿರುವ ಮ್ಯಾಚ್ (ಪಂದ್ಯದ) ಗುಂಡುಗಳನ್ನು ತೆಗೆದುಕೊಂಡರೆ ಒಂದೇ ಡಬ್ಬಿಯೊಳಗೇ ತುದಿಗಳು ಐದಾರು ಥೌ ಹಿಂದೆಮುಂದೆ ಇರುತ್ತವೆ. ಅದಕ್ಕೆ ವರ್ನಿಯರ್ ಕ್ಯಾಲಿಪರಿನ ದವಡೆಗೆ ಕಂಪ್ಯಾರೇಟರ್ ಎಂಬ ತೂತಿನ ತುಂಡೊಂದನ್ನು ಸಿಕ್ಕಿಸಿ, ಕೇಸಿನ ತಳದಿಂದ ಬಾಗಿನವರೆಗೆ ಅಳೆಯುತ್ತೇನೆ. ಈ ತುಂಡುಗಳೂ ಒಂದಕ್ಕೊಂದು ಸಮ ಇರುವುದಿಲ್ಲ. ಯಾವತ್ತೂ ಅದೇ ತುಂಡು, ಅದೇ ಕ್ಯಾಲಿಪರ್.

ಏಣು ಎಲ್ಲಿ ಶುರುವಾಗುತ್ತದೆ ಅಂತ ಹುಡುಕಲು ಹಲವು ದಾರಿಗಳಿವೆ. ಹಳಬರು ಗುಂಡಿಗೆ ಮೇಣದಬತ್ತಿಯ ಕಪ್ಪು ಹಿಡಿಸಿ ಗೀರು ಬೀಳುವುದನ್ನು ನೋಡುತ್ತಿದ್ದರು. ಅಂಗಡಿಯಲ್ಲಿ ಗೇಜ್ ಸಿಗುತ್ತದೆ. ಅದರಲ್ಲಿ ಕಡ್ಡಿಯಿಂದ ಗುಂಡನ್ನು ಮುಂದಕ್ಕೆ ನೂಕುತ್ತೇವೆ. ನೂಕುವ ಕೈ ಬಿರುಸಾದರೆ ಗುಂಡು ಏಣಿಗೆ ಸಿಕ್ಕಿಕೊಂಡು ಅಳತೆ ಉದ್ದ ಬರುತ್ತದೆ. ನನಗೆ ಒಗ್ಗಿದ್ದು ಬೋಲ್ಟಿನ ದಾರಿ. ಮೊದಲು ಈಡು ಹೊತ್ತಿಸುವ ಫೈರಿಂಗ್ ಪಿನ್ನೂ ಕೇಸನ್ನು ಹೊರಚಿಮ್ಮಿಸುವ ಎಜೆಕ್ಟರೂ ಎರಡನ್ನೂ ಬೋಲ್ಟಿನಿಂದ ಬಿಚ್ಚಿಡಬೇಕು. ಆಗ ಖಾಲಿ ಛೇಂಬರಿನಲ್ಲಿ ಬೋಲ್ಟಿನ ಹಿಡಿ ಬೆರಳು ತಾಗಿಸದಿದ್ದರೂ ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ. ಅದೇ ಕೋವಿಯಲ್ಲಿ ಹಾರಿಸಿ, ಸೈಜ್ ಮಾಡಿದ (ಮತ್ತೆ ಅಳತೆಗೆ ಒತ್ತಿದ) ಕೇಸಿಗೆ ಪ್ರೈಮರ್ (ಕಿಡಿ ಕೊಡುವ ಕೇಪು) ಇಲ್ಲದೆ, ಮದ್ದಿಲ್ಲದೆ ಬರೀ ಗುಂಡು ಕೂರಿಸಬೇಕು, ಬೇಕೆಂದೇ ಉದ್ದ ಬಿಟ್ಟು. ಅದನ್ನು ಹಾಕಿದರೆ ಹಿಡಿ ಅರ್ಧದಲ್ಲೇ ನಿಲ್ಲುತ್ತದೆ. ಹೊರತೆಗೆದು ಡೈಯಲ್ಲಿ (ಗುಂಡನ್ನು ಒತ್ತಿ ಕೂರಿಸುವ ಅಚ್ಚು) ಎರಡು ಥೌ ಒಳಕ್ಕೆ, ಮತ್ತೆ ಛೇಂಬರಿಗೆ. ಹೀಗೇ ಹೋಗುತ್ತಾ ಒಂದು ಹಂತದಲ್ಲಿ ಹಿಡಿ ಕೆಳಗೆ ಬೀಳುತ್ತದೆ, ಆದರೆ ಬೋಲ್ಟನ್ನು ಮೇಲೆತ್ತಿ ಹಿಂದಕ್ಕೆ ಎಳೆಯುವಾಗ ‘ಟಿಕ್’ ಅಂತ ಸಣ್ಣದೊಂದು ಬಿಡುಗಡೆ ಬೆರಳಿಗೆ ಗೊತ್ತಾಗುತ್ತದೆ. ಗುಂಡು ಏಣನ್ನು ಬಿಡುವ ಸದ್ದು ಅದು. ಇನ್ನೆರಡು ಥೌ ಒಳಗೆ ಹೋದರೆ ಸದ್ದೂ ಇಲ್ಲ, ತಡೆಯೂ ಇಲ್ಲ. ಸದ್ದು ನಿಂತ ಆ ಅಳತೆಯೇ ನನ್ನ ಸೊನ್ನೆ, ಜಂಪ್ ಎಣಿಸುವುದು ಅಲ್ಲಿಂದ. ಬಿಚ್ಚಿದ್ದನ್ನೆಲ್ಲ ಸರಿಯಾಗಿ ಜೋಡಿಸಿ, ಈ ಮದ್ದಿಲ್ಲದ ಡಮ್ಮಿ ತೋಟಾದ ಮೇಲೆ ಮಾರ್ಕರಿನಲ್ಲಿ ಎದ್ದು ಕಾಣುವಂತೆ ಬರೆದು ಬೇರೆ ಡಬ್ಬಿಯಲ್ಲಿಡುವುದು ಕಡ್ಡಾಯ.

ಕೇಸಿನ ತಯಾರಿ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ. ಕೇಸಿನ ಉದ್ದ 1.920 ಇಂಚು ದಾಟದಂತೆ 1.910ಕ್ಕೆ ಕತ್ತರಿಸಿ, ಕತ್ತಿನ ಒಳಬಾಯಿಯನ್ನು ಚೇಂಫರ್ ಮಾಡಿದರಾಯಿತು, ಅಂದರೆ ಅಂಚನ್ನು ಓರೆಯಾಗಿ ಹೆರೆದರಾಯಿತು. ಅದನ್ನು ಮಾಡದಿದ್ದರೆ ಗುಂಡು ಇಳಿಯುವಾಗ ಕತ್ತಿನ ಅಂಚಿನಲ್ಲಿ ಕೂದಲೆಳೆಯಂಥ ತಾಮ್ರದ ಸುರುಳಿ ಏಳುತ್ತದೆ. ಡೈಯೊಳಗಿನ ಕಡ್ಡಿ ಗುಂಡಿನ ತುದಿಗೆ ತಾಗುತ್ತಿದೆಯೇ ಅಂತಲೂ ನೋಡಿಕೊಳ್ಳಿ. ಅದು ಬಾಗಿನ ಮೇಲೆ ಕೂರಬೇಕು, ತುದಿಯ ಮೇಲಲ್ಲ. ಇದೊಂದು ತಪ್ಪಿದರೆ ಉಳಿದ ಅಳತೆಗಳಿಗೆ ಅರ್ಥವೇ ಇಲ್ಲ. ಬೆಂಚಿನ ಮೇಲೆ ಯಾವತ್ತೂ ಒಂದೇ ಮದ್ದಿನ ಡಬ್ಬಿ, ಗುಂಡು ಕೂರಿಸುವ ಮುಂಚೆ ಟಾರ್ಚ್ ಬಿಟ್ಟು ಪ್ರತಿ ಕೇಸಿನೊಳಗೆ ಮದ್ದಿನ ಮಟ್ಟ ನೋಡುವುದು, ಫೋನು ಪಕ್ಕದ ಕೋಣೆಯಲ್ಲಿ.

ಪರೀಕ್ಷೆಗೆ ಪುಸ್ತಕದ ಮಿತಿಯೊಳಗೆ, ಗರಿಷ್ಠಕ್ಕೆ ದೂರ ಇರುವ ಒಂದೇ ಮದ್ದಿನ ತೂಕ ಇಟ್ಟುಕೊಂಡು ನಾಲ್ಕು ಜಂಪ್ ತುಂಬಿದೆ: 20, 50, 80, 110 ಥೌ. ಮೂರು ಮೂರು ಥೌ ಸರಿಸುತ್ತಾ ಹೋಗುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ಅಷ್ಟು ಸಣ್ಣ ವ್ಯತ್ಯಾಸ ಗುರಿಹಲಗೆಯ ಮೇಲೆ ಕಾಣಬೇಕಾದರೆ ನಳಿಗೆ ಸವೆಯುವಷ್ಟು ಗುಂಡು ಸುಡಬೇಕು. ಮೂರು ಈಡಿನ ಗುಂಪನ್ನಂತೂ ನಾನು ನಂಬುವುದಿಲ್ಲ. ಒಂದೇ ತೋಟಾ, ಒಂದೇ ಬೆಳಗ್ಗೆ, 100 ಗಜದಲ್ಲಿ ಒಮ್ಮೆ ಅರ್ಧ ಇಂಚಿನೊಳಗೆ ಬೀಳುತ್ತದೆ, ಹತ್ತು ನಿಮಿಷ ಬಿಟ್ಟು ಒಂದು ಇಂಚಿಗೆ ಹರಡುತ್ತದೆ. ಅರ್ಧ ಇಂಚಿನದನ್ನು ಫೋಟೋ ತೆಗೆದು ಗೆಳೆಯರಿಗೆ ಕಳಿಸುವುದು ಮನುಷ್ಯ ಸಹಜ. ಅದನ್ನೇ ತೀರ್ಮಾನ ಮಾಡಿಕೊಳ್ಳುವುದು ಬೇರೆ ಮಾತು.

ನಾಲ್ಕನ್ನೂ ಸರದಿಯಲ್ಲಿ ಹಾರಿಸಿದೆ: 20ರದ್ದು ಒಂದು, 50ರದ್ದು ಒಂದು, 80, 110, ಮತ್ತೆ ಮೊದಲಿಂದ, ಒಂದೊಂದಕ್ಕೂ ಬೇರೆ ಗುರಿ. ನಳಿಗೆ ಕಾಯುವುದಾಗಲಿ, ಗಾಳಿ ತಿರುಗುವುದಾಗಲಿ, ನನ್ನ ಭುಜ ಸೋಲುವುದಾಗಲಿ ನಾಲ್ಕಕ್ಕೂ ಸಮನಾಗಿ ಹಂಚಿಹೋಗಲಿ ಎಂದು. ಇನ್ನೊಂದು ದಿನ ಅದನ್ನೇ ಮಾಡಿ, ಎರಡೂ ದಿನದ ಕಾಗದಗಳನ್ನು ಕಿಟಕಿ ಗಾಜಿಗೆ ಒಂದರ ಮೇಲೊಂದು ಹಿಡಿದು ನೋಡಿದೆ. 20 ಥೌ ಎರಡೂ ದಿನ ಹರಡಿತ್ತು, 110 ಕೂಡ. 50 ಮತ್ತು 80 ಎರಡೂ ಬಿಗಿ. ಯಾವುದು ಯಾವುದೆಂದು ಹೆಸರು ಮುಚ್ಚಿಟ್ಟು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ನಡುವಿನ 65 ತುಂಬಿ ನೋಡಿದೆ, ಅದೂ ಹಾಗೇ. ಅಂದರೆ ನನ್ನ ಕೋವಿಗೆ ಬೇಕಾದ್ದು ಇಂತಿಷ್ಟೇ ಎಂಬ ಒಂದು ಬಿಂದುವಲ್ಲ, ಮೂವತ್ತು ಥೌ ಅಗಲದ ಒಂದು ಪಟ್ಟಿ.

ಆ ಪಟ್ಟಿಯಲ್ಲಿ ಎಲ್ಲಿ ನಿಲ್ಲಬೇಕು? ನಡುವೆ ಅನ್ನುತ್ತಾರೆ ಹಲವರು. ನಾನು ನಿಂತದ್ದು 50ರ ಪಕ್ಕ, 52ರಲ್ಲಿ. ಕಾರಣ ಸವಕಳಿ. ಪ್ರತಿ ಈಡಿಗೂ ಬಿಸಿ ಅನಿಲ ಏಣಿನ ಬುಡವನ್ನು ಸುಡುತ್ತಾ ಹೋಗುತ್ತದೆ, ಏಣು ಮುಂದಕ್ಕೆ ಸರಿಯುತ್ತದೆ. ಕ್ರೀಡ್‌ಮೂರ್ ನಳಿಗೆ ಸಾಮಾನ್ಯವಾಗಿ ಎರಡು ಮೂರು ಸಾವಿರ ಈಡಿಗೆ ಮುಪ್ಪಾಗುತ್ತದೆ ಅನ್ನುವುದು ಇಲ್ಲಿ ಎಲ್ಲರ ಬಾಯಲ್ಲೂ ಇರುವ ಲೆಕ್ಕ. ನಾನು ತೋಟಾದ ಉದ್ದ ಮುಟ್ಟದಿದ್ದರೂ ಜಂಪ್ ತಾನಾಗಿ 55, 60, 70 ಎಂದು ಬೆಳೆಯುತ್ತದೆ. ಪಟ್ಟಿಯ ಈ ಕಡೆ ಅಂಚಿನಲ್ಲಿ ಶುರು ಮಾಡಿದರೆ ಸವಕಳಿಯೇ ಅದನ್ನು ಪಟ್ಟಿಯುದ್ದಕ್ಕೂ ನಡೆಸಿಕೊಂಡು ಹೋಗುತ್ತದೆ, ನಾನು ಡೈಗೆ ಕೈ ಹಾಕಬೇಕಾಗಿಲ್ಲ. ಪ್ರತಿ ಇನ್ನೂರು ಈಡಿಗೊಮ್ಮೆ ಏಣಿನ ಬೆನ್ನು ಹತ್ತಿ ಉದ್ದ ತಿದ್ದುವವರು ಕ್ಲಬ್ಬಿನಲ್ಲಿ ಇದ್ದಾರೆ. ಅವರ ಗುರಿಹಲಗೆಯಲ್ಲಿ ನನಗೇನೂ ಹೆಚ್ಚು ಕಾಣಲಿಲ್ಲ.

ಮತ್ತೆ ಅಳೆಯುವುದು ಹೊಸ ಲಾಟ್ ಗುಂಡು ಬಂದಾಗ. ಬಾಗು ಒಂದಿಷ್ಟು ಬದಲಾಗಿರುತ್ತದೆ, ಡೈಯ ಅದೇ ಸೆಟ್ಟಿಂಗಿನಲ್ಲಿ ಬೇರೆ ಆಳ ಬರುತ್ತದೆ. ಡಬ್ಬಿಯ ಮೇಲೆ ಲಾಟ್ ನಂಬರ್, ತಳದಿಂದ ಬಾಗಿಗೆ ಎಷ್ಟು, ಆ ದಿನದ ಸೊನ್ನೆ ಎಷ್ಟು ಅಂತ ಬರೆದಿಡುತ್ತೇನೆ. ಕ್ಲಬ್ಬಿನಲ್ಲಿ ಅದೇ ಮಾಡೆಲ್ ಕೋವಿ ಇರುವವನೊಬ್ಬ ‘ಆ ನಂಬರ್ ಕೊಡು ಮಾರಾಯ’ ಅಂದ. ಮಾತಿನಲ್ಲಿ ಇನ್ನೂ ಹುಬ್ಬಳ್ಳಿ ಬಿಡದ ಹುಡುಗ. ಕೊಡಲಿಲ್ಲ, ಡಮ್ಮಿ ತೋಟಾ ಮಾಡುವುದನ್ನು ತೋರಿಸಿದೆ. ಅವನ ಏಣು ನನ್ನದಕ್ಕಿಂತ 18 ಥೌ ಹಿಂದೆ ಸಿಕ್ಕಿತು.