‘ಇರಲಿ’ ಅನ್ನೋದನ್ನು ಕಲಿತ ಏಳು ದಿನ

ಗಯಾಕ್ಕೆ ಹೋಗ್ತೀನಿ ಅಂದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಅಪ್ಪನ ಪಿಂಡ ಇಡೋಕಾ?" ಅಲ್ಲಮ್ಮ, ಬೋಧಗಯಾದಲ್ಲಿ ಧ್ಯಾನದ ಶಿಬಿರ ಅಂದೆ. "ಅದನ್ನ ಮನೇಲೇ ಮಾಡಬಹುದಲ್ಲ" ಅಂದರು. ಮಾತೇನೋ ನ್ಯಾಯವೇ. ನಾಲ್ಕು ವರ್ಷದಿಂದ ಮನೆಯಲ್ಲೇ ಮಾಡುತ್ತಿದ್ದೆ. ಉಸಿರು ನೋಡುತ್ತಾ ಅರ್ಧ ಗಂಟೆ ಕೂರುವುದು ಕಷ್ಟವಿರಲಿಲ್ಲ. ಎದ್ದ ಮೇಲೆ ಜನರ ಜೊತೆ ಇರುವುದೇ ಕಷ್ಟ.

ನಿಜವಾದ ಕಾರಣ ಅಮ್ಮನಿಗೆ ಹೇಳಲಿಲ್ಲ. ನನ್ನ ವಾರಗಿತ್ತಿಯ ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿತ್ತು. ಅದೇ ವರ್ಷ ನನ್ನ ಮಗಳೂ ನೀಟ್ ಬರೆದಿದ್ದಳು, ಸಿಕ್ಕಿರಲಿಲ್ಲ. ಫ್ಯಾಮಿಲಿ ಗ್ರೂಪಿಗೆ ಬಿಳಿ ಕೋಟಿನ ಫೋಟೋ ಬಂದಾಗ ಒಂದು ಹೆಬ್ಬೆರಳು ಒತ್ತಿ ಫೋನ್ ಕವುಚಿಟ್ಟಿದ್ದೆ. ಆ ಹುಡುಗಿಯನ್ನು ಎತ್ತಿ ಆಡಿಸಿದವಳು ನಾನು!

ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್, ಎರಡು ರಾತ್ರಿಯ ಪ್ರಯಾಣ. ಬೋಧಿವೃಕ್ಷದ ಕೊಂಬೆಯನ್ನು ಶ್ರೀಲಂಕೆಗೆ ಒಯ್ದ ಅಶೋಕನ ಮಗಳ ಹೆಸರಿನ ಗಾಡಿ. ಜನವರಿಯ ಮಂಜಿಗೆ ಗಂಟೆಗಟ್ಟಲೆ ತಡವಾಯಿತು. ದಾನಾಪುರದಲ್ಲಿ ಇಳಿದು, ಗಯಾ ದಾಟಿ ಬೋಧಗಯಾ ಸೇರುವಷ್ಟರಲ್ಲಿ ಕತ್ತಲೆ. ನಮ್ಮ ಕಡೆಯವರು ಹೋಗುವುದಾದರೆ ಒಂದು ಮಾತು: ಸ್ವೆಟರ್ ಒಂದು ಸಾಲದು, ಕಾಲುಚೀಲ ನಾಲ್ಕು ಜೊತೆ ಇರಲಿ.

ಶಿಬಿರ ಒಂದು ಚಿಕ್ಕ ವಿಹಾರದಲ್ಲಿ. ಇಪ್ಪತ್ತು ಜನ. ಏಳು ದಿನ ಮೌನ, ಫೋನ್ ಆಫೀಸಿನಲ್ಲಿ, ಮಧ್ಯಾಹ್ನದ ನಂತರ ಊಟವಿಲ್ಲ. ಮುಕ್ಕಾಲು ಗಂಟೆ ಕೂರುವುದು, ಮುಕ್ಕಾಲು ಗಂಟೆ ನಡೆಯುವುದು. ಹೇಳಿಕೊಡುತ್ತಿದ್ದವರು ವಯಸ್ಸಾದ ಭಿಕ್ಷು, ಹಿಂದಿ ಬೆರೆಸಿದ ಇಂಗ್ಲಿಷಿನಲ್ಲಿ. ಭಿಕ್ಷುಗಳನ್ನು ಗೌರವದಿಂದ ಕರೆಯುವ ಹಾಗೆ ಅವರನ್ನು ‘ಭಂತೇ’ ಅನ್ನುತ್ತಿದ್ದೆವು.

ಮೊದಲ ಸಂಜೆ ಅವರು ಒಂದು ಹೋಲಿಕೆ ಹೇಳಿದರು. 5ನೇ ಶತಮಾನದಲ್ಲಿ ಬುದ್ಧಘೋಷ ಅನ್ನುವ ಬೌದ್ಧ ಪಂಡಿತ ಶ್ರೀಲಂಕೆಯಲ್ಲಿ ಕೂತು ಬರೆದ ‘ವಿಶುದ್ಧಿಮಗ್ಗ’ ಅನ್ನುವ ಗ್ರಂಥದ್ದು. ಒಬ್ಬ ತಾಯಿಗೆ ನಾಲ್ಕು ಮಕ್ಕಳು. ಒಂದು ಎಳೆಗೂಸು, ಒಬ್ಬ ಕಾಯಿಲೆಯವನು, ಒಬ್ಬ ತುಂಬು ಹರೆಯದವನು, ಒಬ್ಬ ತನ್ನ ಕೆಲಸ ತಾನು ನೋಡಿಕೊಳ್ಳುವವನು. ಕೂಸು ಬೆಳೆಯಲಿ ಅನ್ನುತ್ತಾಳೆ, ಅದು ಮೈತ್ರಿ. ಕಾಯಿಲೆ ವಾಸಿಯಾಗಲಿ ಅನ್ನುತ್ತಾಳೆ, ಅದು ಕರುಣೆ. ಹರೆಯದವನ ಚೆಲುವು ಹೀಗೇ ಉಳಿಯಲಿ ಅನ್ನುತ್ತಾಳೆ, ಅದು ಮುದಿತಾ, ಇನ್ನೊಬ್ಬರ ಖುಷಿಗೆ ಖುಷಿಪಡುವುದು. ನಾಲ್ಕನೆಯವನ ಬಗ್ಗೆ ಅವಳಿಗೆ ಚಿಂತೆಯಿಲ್ಲ, ಅದು ಉಪೇಕ್ಷೆ, ಅಸಡ್ಡೆಯಲ್ಲ, ಸಮಚಿತ್ತ. ಈ ನಾಲ್ಕು ಹೆಸರು ನನಗೆ ಯೋಗಸೂತ್ರದಿಂದ ಗೊತ್ತಿತ್ತು, ತಾಯಿಯ ಕತೆ ಗೊತ್ತಿರಲಿಲ್ಲ.

ಈ ನಾಲ್ಕನ್ನೂ ಒಂದೊಂದಾಗಿ, ಯಾರಾದರೊಬ್ಬರನ್ನು ಮನಸ್ಸಿಗೆ ತಂದುಕೊಂಡು ಅಭ್ಯಾಸ ಮಾಡುವುದೇ ಶಿಬಿರ. ಮೈತ್ರಿಯ ಎರಡು ದಿನ ಹೇಗೋ ಕಳೆಯಿತು. ಮೊಣಕಾಲು ನೋವು, ನಿದ್ದೆ, ಅಷ್ಟೇ.

ಮೂರನೇ ದಿನ ಕರುಣೆ. ಇದು ನನಗೆ ಸಲೀಸು ಅಂದುಕೊಂಡಿದ್ದೆ, ಸೀರಿಯಲ್ ನೋಡಿದರೂ ಅಳುವವಳು ನಾನು. ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಅಪ್ಪನನ್ನು ನೆನೆದೆ. ಆದರೆ ತೀರಿಕೊಂಡವರನ್ನು ಇಟ್ಟುಕೊಂಡು ಈ ಅಭ್ಯಾಸ ಮಾಡುವ ಹಾಗಿಲ್ಲ ಅಂದರು ಭಂತೇ. ಬದುಕಿರುವವರನ್ನು, ಈಗ ಕಷ್ಟದಲ್ಲಿರುವವರನ್ನು ತಗೋ ಎಂದರು. ಪಕ್ಕದ ಮನೆಯಾಕೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಅವರನ್ನು ತಗೊಂಡೆ. ಐದೇ ನಿಮಿಷಕ್ಕೆ ಕಣ್ಣೀರು ಧಾರಾಕಾರ. ಒಳ್ಳೆಯ ಧ್ಯಾನ ಅಂತ ಒಳಗೊಳಗೇ ಹೆಮ್ಮೆ ಬೇರೆ.

ದಿನಕ್ಕೆ ಹತ್ತು ನಿಮಿಷ ಭಂತೇ ಹತ್ತಿರ ಮಾತಾಡಲು ಅವಕಾಶವಿತ್ತು. ಅತ್ತಿದ್ದನ್ನು ಹೇಳಿದೆ. "ಅಳುವಾಗ ಮನಸ್ಸಿನಲ್ಲಿ ಯಾರಿದ್ದರು? ಆಕೆಯೋ, ನೀನೋ?" ಅಂದರು. ಯೋಚಿಸಿದರೆ, ನನಗೇ ಹೀಗಾದರೆ ಅನ್ನುವ ಭಯ ಅಲ್ಲಿತ್ತು. ಕರುಣೆಗೆ ಕ್ರೌರ್ಯ ದೂರದ ಶತ್ರು, ಶೋಕ ಹತ್ತಿರದ ಶತ್ರು ಅಂದರು. ಕರುಣೆಯ ಹಾಗೇ ಕಾಣುವ ಈ ಹತ್ತಿರದ ಶತ್ರುವಿಗೆ ಪಾಳಿಯಲ್ಲಿ ‘ಆಸನ್ನ ಪಚ್ಚತ್ಥಿಕ’ ಅನ್ನುತ್ತಾರಂತೆ. ನಮ್ಮಲ್ಲಿ ಅದಕ್ಕೆ ಇನ್ನೂ ಚೆನ್ನಾದ ಮಾತಿದೆಯಲ್ಲ, ಹಿತಶತ್ರು!

ಆಮೇಲೆ ಆಕೆಯ ಮುಖವನ್ನು ಮಾತ್ರ ನೋಡಿದೆ. ಸೂಜಿ, ಯಂತ್ರ ಎಲ್ಲ ಬಿಟ್ಟು. "ಈ ನೋವು ನಿಮ್ಮನ್ನು ಬಿಡಲಿ" ಅಂತ ನಿಧಾನ ಹೇಳುತ್ತಾ ಕೂತೆ. ಅಳು ಬರಲಿಲ್ಲ. ‘ಅಯ್ಯೋ ಪಾಪ’ ಅನ್ನುವಾಗ ನಾವು ಸ್ವಲ್ಪ ಎತ್ತರದಲ್ಲಿ ನಿಂತಿರುತ್ತೇವೆ, ಅಲ್ವಾ? ಆ ಮೆಟ್ಟಿಲು ಇಳಿದ ಹಾಗಾಯಿತು.

ಐದನೇ ದಿನ ಮುದಿತಾ. ಬಂದಿದ್ದೇ ಇದಕ್ಕೆ.

ತುಂಬಾ ಪ್ರೀತಿಯವರಿಂದ ಶುರುಮಾಡೋಣ ಅಂತ ಮಗಳನ್ನು ನೆನೆದೆ. ಅವಳ ಖುಷಿಯ ಮುಖ ಬರುವ ಮೊದಲೇ ರ‍್ಯಾಂಕ್, ಕೌನ್ಸೆಲಿಂಗ್, ಮುಂದೇನು ಅನ್ನುವುದೆಲ್ಲ ಬಂತು. ಪ್ರೀತಿ ಒಂದೇ ಸಾಲದು ಅಂದರು ಭಂತೇ. ಬುದ್ಧಘೋಷ ಹೇಳುವುದು, ಮೊದಲು ನಕ್ಕು ಆಮೇಲೆ ಮಾತಾಡುವ ಗೆಳೆಯನನ್ನು ತಗೊಳ್ಳಿ ಅಂತ. ತಕ್ಷಣ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆ ಕಣ್ಣ ಮುಂದೆ ಬಂದರು. ಸಾರಿಗೆ ಉಪ್ಪು ಜಾಸ್ತಿಯಾದರೂ ನಕ್ಕೇ ಹೇಳುವ ಹೆಂಗಸು. ನನಗೂ ನಗು ಬಂತು, ಮೌನದ ಹಾಲಿನಲ್ಲಿ ತಡೆದುಕೊಳ್ಳುವುದೇ ಕಷ್ಟವಾಯಿತು.

ಹೇಳಿಕೊಳ್ಳಬೇಕಾದ ಮಾತು ಪಾಳಿಯಲ್ಲಿದೆ: "ಮೋದತಿ ವತಾಯಂ ಸತ್ತೋ, ಅಹೋ ಸಾಧು, ಅಹೋ ಸುಟ್ಠು." ಈ ಜೀವ ಸಂತೋಷವಾಗಿದೆ, ಎಷ್ಟು ಒಳ್ಳೇದು, ಎಷ್ಟು ಚೆಂದ ಅಂತ. ಪಾಳಿಯಾಗಲಿ ಇಂಗ್ಲಿಷಾಗಲಿ ನನ್ನ ಎದೆಗೆ ಇಳಿಯಲಿಲ್ಲ. "ಖುಷಿಯಾಗಿದ್ದಾರೆ. ಹಾಗೇ ಇರಲಿ" ಅಂತ ಕನ್ನಡ ಮಾಡಿಕೊಂಡೆ. ಆಗ ಹಿಡಿತ ಸಿಕ್ಕಿತು.

ಆರನೇ ದಿನ, ಪರಿಚಯವಷ್ಟೇ ಇರುವ ಒಬ್ಬರನ್ನು ದಾಟಿ, ವಾರಗಿತ್ತಿಗೆ ಬಂದೆ. "ಖುಷಿಯಾಗಿದ್ದಾಳೆ. ಇರಲಿ." ನನ್ನ ‘ಇರಲಿ’ ನನಗೇ ಕೇಳಿಸಿತು. ಅದು ‘ಇರಲಿ ಬಿಡು, ನೋಡೋಣ’ ಅನ್ನುವ ಇರಲಿ! ಎಂಟಾಣೆ ಕಡಿಮೆ ಕೊಟ್ಟ ಕಂಡಕ್ಟರಿಗೆ ಅನ್ನುವಂಥದ್ದು. ಹೊಟ್ಟೆಯಲ್ಲಿ, ಪಕ್ಕೆಲುಬಿನ ಕೆಳಗೆ, ಉರಿ ಎದ್ದಿತು. ರಾತ್ರಿ ಊಟವಿಲ್ಲದ ಆಸಿಡಿಟಿಯೋ, ಹೊಟ್ಟೆಕಿಚ್ಚೋ, ಗೊತ್ತಾಗಲಿಲ್ಲ. ಆ ಹೆಸರಿಟ್ಟವರು ಅನುಭವಸ್ಥರೇ ಇರಬೇಕು.

ಭಂತೇ ಹೇಳಿದ್ದು ಇಷ್ಟೇ: "ಸೀಟನ್ನು ನೋಡಬೇಡ. ನಗುವ ಮುಖ ನೋಡು." ಸೀಟು ಅಂದರೆ ಒಂದು ಕಡೆ ಹೋದರೆ ಇನ್ನೊಂದು ಕಡೆ ಇಲ್ಲ. ನಗುವಿಗೆ ಆ ಲೆಕ್ಕವಿಲ್ಲ. ಬಿಳಿ ಕೋಟಿನ ಫೋಟೋ ಬದಿಗಿಟ್ಟೆ. ಊರ ತೇರಿನಲ್ಲಿ ಬೆಂಡು ಬತ್ತಾಸು ಹಿಡಿದು, ವಾರಗಿತ್ತಿಯ ಸೊಂಟದ ಮೇಲೆ ಕೂತು ನಗುತ್ತಿದ್ದ ಐದು ವರ್ಷದ ಹುಡುಗಿ ನೆನಪಾದಳು. ತಾಯಿ ಮಗಳು ಇಬ್ಬರೂ ನಗುತ್ತಿದ್ದರು. ಹಾಗೇ ಇರಲಿ ಅಂದೆ. ಈ ಸಲ ಅದು ಹಾಗೇ ಇತ್ತು. ಎರಡು ನಿಮಿಷ ಇದ್ದಿರಬಹುದು. ಮತ್ತೆ ಉರಿ, ಮತ್ತೆ ತೇರು. ಇಡೀ ಮಧ್ಯಾಹ್ನ ಹೀಗೇ.

ಕೊನೆಯ ದಿನ ಉಪೇಕ್ಷೆ. ಅದನ್ನು ಸರಿಯಾಗಿ ಮಾಡಿದೆ ಅಂತ ಹೇಳಲಾರೆ. ಆದರೆ ಆ ತಾಯಿಯ ನಾಲ್ಕು ಮಕ್ಕಳಲ್ಲಿ ನನ್ನ ಮಗಳು ಯಾರು ಅಂತ ಯೋಚಿಸುತ್ತಾ ಕೂತಿದ್ದೆ. ನಾನು ಅವಳನ್ನು ಕಾಯಿಲೆಯವನ ಜಾಗದಲ್ಲಿ ಮಲಗಿಸಿದ್ದೆ. ಅವಳು ಬಿ.ಎಸ್‌ಸಿ. ಸೇರಿ, ತನ್ನ ಪಾಡಿಗೆ ತಾನು ಓದಿಕೊಂಡಿದ್ದಳು.

ಫೋನ್ ಕೈಗೆ ಬಂದ ಮೇಲೆ ಮೊದಲು ಫಲ್ಗು ನದಿಗೆ ಹೋಗಿ ಅಪ್ಪನ ಪಿಂಡ ಇಟ್ಟು ಬಂದೆ. ಅಮ್ಮನಿಗೆ ಸಮಾಧಾನ, ಸುಳ್ಳು ಹೇಳಬಾರದು, ನನಗೂ. ಆಮೇಲೆ ಸ್ಟೇಷನ್ನಿನಲ್ಲಿ ಕೂತು ವಾರಗಿತ್ತಿಗೆ ಫೋನ್ ಮಾಡಿದೆ. ಅವಳ ದನಿ ಕೇಳಿ ಮೊದಲು ನಕ್ಕುಬಿಟ್ಟೆ. "ಏನಕ್ಕಾ, ಹುಷಾರಾಗಿದ್ದೀರಾ ತಾನೆ?" ಅಂದಳು ಗಾಬರಿಯಿಂದ. ಮಗಳ ಕಾಲೇಜು ಹೇಗಿದೆ, ಹೇಳು ಅಂದೆ. ಅರ್ಧ ಗಂಟೆ ಹೇಳಿದಳು. ನಿಜವಾಗಿಯೂ ಕೇಳಿಸಿಕೊಂಡೆ. ಹಾಸ್ಟೆಲ್ ಊಟ ಸರಿಯಿಲ್ಲ, ಹುಡುಗಿ ನಾಲ್ಕು ಕೆ.ಜಿ. ಇಳಿದಿದ್ದಾಳೆ ಅಂದಾಗ, ಸುಮ್ನೆ ಯಾಕೆ ಮುಚ್ಚಿಡಲಿ, ಒಳಗೆ ಎಲ್ಲೋ ಚೂರು ಹಾಯೆನಿಸಿತು. ಅದನ್ನೂ ನೋಡಿದೆ. "ಚಕ್ಕುಲಿ ಮಾಡಿ ಕಳಿಸ್ತೀನಿ, ಹಾಸ್ಟೆಲ್ ವಿಳಾಸ ಕಳಿಸು" ಅಂದೆ.