ಹಳೇ ಕಾಂಕ್ರೀಟ್ ಜಲ್ಲಿ: ಅಲ್ಟ್ರಾಸೋನಿಕ್ ರೀಡಿಂಗ್ ಕೊನೆಗೂ ಸರಿಹೋಯ್ತು

ತುಮಕೂರಲ್ಲಿ ಹಳೇ ಬಿಲ್ಡಿಂಗ್ ಕಾಂಕ್ರೀಟ್ ಕ್ರಷ್ ಮಾಡಿದ ಜಲ್ಲಿ ಹಾಕಿ ಸಿಲಿಂಡರ್ ಮಾಡಿದ್ವಿ, ಒಡೀದೇನೇ ಇ ವ್ಯಾಲ್ಯೂ (ಲೋಡ್ ಬಿದ್ರೆ ಕಾಂಕ್ರೀಟ್ ಎಷ್ಟು ಕುಗ್ಗದೆ ನಿಲ್ಲುತ್ತೆ ಅನ್ನೋ ಅಳತೆ) ತಿಳ್ಕೊಳ್ಳೋಣ ಅಂತ ಅಲ್ಟ್ರಾಸೋನಿಕ್ ಪಲ್ಸ್ ಟೆಸ್ಟ್ (ಶಬ್ದದ ಅಲೆ ಕಾಂಕ್ರೀಟ್ ಒಳಗೆ ಎಷ್ಟು ಬೇಗ ಓಡುತ್ತೆ ಅಂತ ಅಳೆಯೋದು) ಮಾಡಿದ್ರೆ ಒಂದೇ ಬ್ಯಾಚಲ್ಲೂ ರೀಡಿಂಗ್ ತಾಳೆ ಆಗ್ತಿರ್ಲಿಲ್ಲ. ಮೆಷೀನ್ ಸರಿ ಇತ್ತು. ಕಾರಣ ನೀರು! ಈ ಜಲ್ಲಿಗೆ ಹಳೇ ಗಾರೆ ಅಂಟ್ಕೊಂಡಿರುತ್ತೆ, ಅದು ನೀರು ಜಾಸ್ತಿ ಕುಡಿಯುತ್ತೆ, ಒದ್ದೆ ಕಾಂಕ್ರೀಟಲ್ಲಿ ಪಲ್ಸ್ ಬೇಗ ಓಡುತ್ತೆ, ನಮ್ಮಲ್ಲಿ ಕೆಲವು ಸಿಲಿಂಡರ್ ಒಣಗಿದ್ವು, ಕೆಲವು ಆಗ್ತಾನೆ ಕ್ಯೂರಿಂಗ್ ತೊಟ್ಟಿಯಿಂದ ತೆಗೆದಿದ್ವು. ಎಲ್ಲಾನೂ ತೂಕ ಏರೋದು ನಿಲ್ಲೋವರೆಗೂ ನೆನೆಸಿ, ಒರೆಸಿ, ಎರಡೂ ತುದಿಗೆ ಗ್ರೀಸ್ ಹಚ್ಚಿ ಅಳೆದ್ವಿ, ರೀಡಿಂಗ್ ಹತ್ತಿರ ಬಂತು. ಪಲ್ಸ್ ವೇಗದಿಂದ ಇ ಲೆಕ್ಕ ಹಾಕುವಾಗ ಡೆನ್ಸಿಟಿ ಘನ ಮೀಟರ್‌ಗೆ 2400 ಕೆಜಿ ಅಂತ ಕಣ್ಮುಚ್ಚಿ ಹಾಕ್ಬೇಡಿ, ಈ ಕಾಂಕ್ರೀಟ್ ಹಗುರ, ತೂಗಿಯೇ ಹಾಕಿ. ಹೀಗೆ ಬರೋದು ಡೈನಾಮಿಕ್ ಇ (ಅಲೆಯಿಂದ ಸಿಗೋದು), ಅದು ಸ್ಟ್ಯಾಟಿಕ್‌ಗಿಂತ (ನಿಧಾನಕ್ಕೆ ಲೋಡ್ ಕೊಟ್ಟು ಅಳೆಯೋ ಇ) ಜಾಸ್ತಿ ಇರುತ್ತೆ, ಭಾರತದ ಕಾಂಕ್ರೀಟ್ ಕೋಡ್ ಐಎಸ್ 456ರಲ್ಲಿ ಇ ಅಂದಾಜು ಮಾಡೋ ಸೂತ್ರನೂ ಈ ಜಲ್ಲಿಗೆ ಸಾಮಾನ್ಯವಾಗಿ ಜಾಸ್ತೀನೇ ತೋರಿಸುತ್ತೆ, ಅದಕ್ಕೇ ಡಿಸೈನ್‌ಗೆ ಮುಂಚೆ ಒಂದೆರಡು ಸಿಲಿಂಡರ್ ಮೆಷೀನಲ್ಲಿ ಲೋಡ್ ಕೊಟ್ಟೂ ನೋಡಿ.